ವೆಬ್ ಸರ್ವರಿಗೂ ಅಪ್ಲಿಕೇಶನ್ ಸರ್ವರಿಗೂ ನಡುವಣ ಕೊಂಡಿ: ಒಂದು ಆರ್ಡರಿಗೆ ಎರಡು ಬಿಲ್ಲು ಆಗದಂತೆ ಆಯ್ಕೆ ಮಾಡುವುದು ಹೇಗೆ?

ವ್ಯಾಪಾರದ ಲೆಕ್ಕಪತ್ರವು ಕೈಬರಹದ ಖಾತೆ ಪುಸ್ತಕದಿಂದ ಗಣಕಯಂತ್ರಕ್ಕೆ ಬಂದು ಬಹಳ ಕಾಲವಾಯಿತು. ಈಗ ಅದು ಅಂಗಡಿಯೊಳಗಿನ ಒಂದೇ ಯಂತ್ರದಲ್ಲಿಯೂ ಉಳಿದಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಸಗಟು ಬಟ್ಟೆ ವ್ಯಾಪಾರಿಗೆ ಹುಬ್ಬಳ್ಳಿಯ ಗಿರಾಕಿ ಇಂಟರ್‌ನೆಟ್ ಮೂಲಕ ಆರ್ಡರ್ ಕಳುಹಿಸುತ್ತಾನೆ. ಕೆ.ಆರ್. ಪುರದ ಬಿಡಿಭಾಗ ತಯಾರಕರ ಡೀಲರು ತನ್ನ ಮೊಬೈಲಿನಲ್ಲಿಯೇ ದಾಸ್ತಾನು ನೋಡಿ ಸರಕು ಕಾಯ್ದಿರಿಸುತ್ತಾನೆ. ಇಂತಹ ತಂತ್ರಾಂಶವನ್ನು ಕೊಳ್ಳುವಾಗ ನಮ್ಮ ವರ್ತಕ ಮಿತ್ರರು ಬೆಲೆಯನ್ನು ಕೇಳುತ್ತಾರೆ, ವಾರ್ಷಿಕ ನಿರ್ವಹಣಾ ಶುಲ್ಕವನ್ನು ಚೌಕಾಶಿ ಮಾಡುತ್ತಾರೆ, ಬಿಲ್ಲಿನ ಮೇಲೆ ತಮ್ಮ ಲಾಂಛನ ಬರುವುದೇ ಎಂದು ನೋಡುತ್ತಾರೆ. ಒಳಗಿನ ಎರಡು ಸರ್ವರುಗಳು ಪರಸ್ಪರ ಹೇಗೆ ಮಾತನಾಡುತ್ತವೆ ಎಂದು ಕೇಳಿದವರನ್ನು ನಾನು ಕಂಡದ್ದು ಅಪರೂಪ. ಅದು ಎಂಜಿನಿಯರುಗಳ ವಿಷಯ, ಲೆಕ್ಕಪರಿಶೋಧಕನಿಗೇನು ಕೆಲಸ ಎಂದು ಓದುಗರು ಕೇಳಬಹುದು. ಆ ಮಾತುಕತೆಯಲ್ಲಿ ಆಗುವ ತಪ್ಪು ಕೊನೆಗೆ ಬಂದು ಕೂರುವುದು ಮಾರಾಟದ ಖಾತೆಯಲ್ಲಿ ಮತ್ತು ಜಿ.ಎಸ್.ಟಿ. ರಿಟರ್ನಿನಲ್ಲಿ. ಆದುದರಿಂದಲೇ ಈ ಲೇಖನ.

ಕೌಂಟರು, ಗೋಡೌನು ಮತ್ತು ಚೀಟಿ ಒಯ್ಯುವ ಹುಡುಗ

ಶಿವಾಜಿನಗರದಲ್ಲಿ ಒಂದು ಅಂಗಡಿ, ಕೆ.ಆರ್. ಪುರದಲ್ಲಿ ಅದರ ಗೋಡೌನು ಎಂದಿಟ್ಟುಕೊಳ್ಳೋಣ. ಗಿರಾಕಿ ಮಾತನಾಡುವುದು ಕೌಂಟರಿನಲ್ಲಿ. ಸರಕು ಎಣಿಸುವುದು, ಬಿಲ್ಲು ಬರೆಯುವುದು, ದಾಸ್ತಾನು ಪುಸ್ತಕದಲ್ಲಿ ಕಳೆಯುವುದು ಗೋಡೌನಿನಲ್ಲಿ. ಎರಡರ ನಡುವೆ ಹಳೇ ಮದ್ರಾಸ್ ರಸ್ತೆಯಲ್ಲಿ ಹಲಸೂರು, ಇಂದಿರಾನಗರಗಳನ್ನು ದಾಟಿ ಚೀಟಿ ಒಯ್ಯುವ ಒಬ್ಬ ಹುಡುಗನಿದ್ದಾನೆ. ವೆಬ್ ಸರ್ವರ್ ಎಂದರೆ ಕೌಂಟರು, ಅಪ್ಲಿಕೇಶನ್ ಸರ್ವರ್ ಎಂದರೆ ಗೋಡೌನು. ಹುಡುಗನೂ ಅವನು ಒಯ್ಯುವ ಚೀಟಿಯ ನಮೂನೆಯೂ ಸೇರಿ ಕನೆಕ್ಟರ್ ಪ್ರೋಟೋಕಾಲ್. ಈ ಹುಡುಗನಿಗೆ ಸಂಬಳವಿಲ್ಲ. ಉಚಿತ ತಂತ್ರಾಂಶದೊಡನೆ ಬರುವವನು. ಆದುದರಿಂದ ಯಾರ ಪುಸ್ತಕದಲ್ಲಿಯೂ ಅವನ ಹೆಸರಿಲ್ಲ, ಅವನ ಗುಣದೋಷಗಳನ್ನು ವಿಚಾರಿಸುವವರೂ ಇಲ್ಲ.

ಎರಡನ್ನೂ ಒಂದೇ ಕಡೆ ಇಡಬಾರದೇಕೆ? ಚಿಕ್ಕ ಕಚೇರಿಗೆ ಖಂಡಿತ ಇಡಬಹುದು. ಆದರೆ ಹೊರಗಿನ ಜನರು ನೇರವಾಗಿ ಗೋಡೌನಿಗೆ ನುಗ್ಗದಂತೆ ತಡೆಯಲು, ಸುರಕ್ಷಿತ ಸಂಪರ್ಕದ ಪ್ರಮಾಣಪತ್ರವನ್ನು ಒಂದೇ ಕಡೆ ನಿರ್ವಹಿಸಲು ಮತ್ತು ಕೆಲಸ ಹೆಚ್ಚಾದಾಗ ಎರಡನೆಯ ಗೋಡೌನು ತೆರೆಯಲು ಮುಂದೆ ಒಂದು ವೆಬ್ ಸರ್ವರ್ ಇರುವುದು ಲೇಸು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಜೋಡಿ ಮುಂದೆ ಅಪಾಚೆ ಅಥವಾ ಎಂಜಿನ್ಎಕ್ಸ್, ಹಿಂದೆ ಟಾಮ್‌ಕ್ಯಾಟ್. ಜಾವಾ ಭಾಷೆಯಲ್ಲಿ ರಚಿತವಾದ ಅನೇಕ ಸಿದ್ಧ ತಂತ್ರಾಂಶಗಳೊಳಗೆ ಟಾಮ್‌ಕ್ಯಾಟ್ ಅಡಗಿರುತ್ತದೆ. ಕೊಂಡವರಿಗೆ ಅದು ತಿಳಿದಿರುವುದೂ ಇಲ್ಲ.

ಸಂಕೇತದ ಚೀಟಿ, ಸಾದಾ ಚೀಟಿ

ಟಾಮ್‌ಕ್ಯಾಟಿನೊಡನೆ ಮಾತನಾಡಲು ಎರಡು ಭಾಷೆಗಳಿವೆ. ಮೊದಲನೆಯದು ಎ.ಜೆ.ಪಿ., ಅಂದರೆ ಅಪಾಚೆ ಜೆಸರ್ವ್ ಪ್ರೋಟೋಕಾಲ್. ಇದರ ಮೂಲ 1997ರಷ್ಟು ಹಿಂದಿನದು. ಈಗ ಬಳಕೆಯಲ್ಲಿರುವುದು 1.3ನೆಯ ಆವೃತ್ತಿ. ಇದರಲ್ಲಿ ಪದೇ ಪದೇ ಬರುವ ಮಾತುಗಳನ್ನು ಪೂರ್ತಿ ಬರೆಯದೆ ಸಂಖ್ಯೆಗಳಾಗಿ ಅಡಕಗೊಳಿಸಿ ಕಳುಹಿಸಲಾಗುತ್ತದೆ. ಹಳೆಯ ಸಾಹುಕಾರರು ತಮ್ಮ ಗುಮಾಸ್ತರಿಗೆ ಮಾತ್ರ ಅರ್ಥವಾಗುವ ಗುರುತಿನಲ್ಲಿ ಖರೀದಿ ಬೆಲೆಯನ್ನು ಬರೆದಿಡುತ್ತಿದ್ದರಷ್ಟೆ, ಹಾಗೆ. ಎರಡನೆಯದು ಬ್ರೌಸರ್ ಬಳಸುವ ಅದೇ ಎಚ್.ಟಿ.ಟಿ.ಪಿ., ಎಲ್ಲರೂ ಓದಬಲ್ಲ ಸಾದಾ ಚೀಟಿ. ಅಪಾಚೆಯಲ್ಲಿ ಎ.ಜೆ.ಪಿ.ಗೆ ಮಾಡ್-ಜೆಕೆ ಎಂಬ ಹಳೆಯ ಕೊಂಡಿ ಇದೆ, 2.2ನೆಯ ಆವೃತ್ತಿಯಿಂದ ಒಳಗೇ ಬಂದ ಮಾಡ್-ಪ್ರಾಕ್ಸಿ-ಎಜೆಪಿ ಇದೆ. ಎಚ್.ಟಿ.ಟಿ.ಪಿ.ಗೆ ಮಾಡ್-ಪ್ರಾಕ್ಸಿ-ಎಚ್‌ಟಿಟಿಪಿ ಇದೆ.

ಎ.ಜೆ.ಪಿ. ವೇಗವಾದದ್ದು ಎಂಬ ಮಾತನ್ನು ಮಾರಾಟಗಾರರು ಈಗಲೂ ಹೇಳುತ್ತಾರೆ. ಯಂತ್ರಗಳೂ ತಂತಿಗಳೂ ನಿಧಾನವಾಗಿದ್ದ ಕಾಲದಲ್ಲಿ ಆ ಮಾತಿಗೆ ಬೆಲೆಯಿತ್ತು. ದಿನಕ್ಕೆ ಕೆಲವು ನೂರು ಬಿಲ್ಲು ಮಾಡುವ ವ್ಯಾಪಾರಕ್ಕೆ ಈ ಉಳಿತಾಯ ಗಣನೆಗೆ ಬರುವಂತಹುದಲ್ಲ. ಕಾಲವೆಲ್ಲ ಹೋಗುವುದು ದತ್ತಸಂಚಯದಲ್ಲಿ ಹುಡುಕುವುದಕ್ಕೆ. ಎ.ಜೆ.ಪಿ.ಗೆ ನಿಜವಾಗಿ ಇರುವ ಅನುಕೂಲ ಬೇರೆ. ಗಿರಾಕಿ ಯಾವ ವಿಳಾಸದಿಂದ ಬಂದ, ಸುರಕ್ಷಿತ ಸಂಪರ್ಕದಲ್ಲಿ ಬಂದನೇ ಎಂಬ ವಿವರಗಳನ್ನು ಅದು ತಾನಾಗಿಯೇ ಗೋಡೌನಿಗೆ ತಲುಪಿಸುತ್ತದೆ. ಎಚ್.ಟಿ.ಟಿ.ಪಿ.ಯಲ್ಲಿ ಇದಕ್ಕೆ ಪ್ರತ್ಯೇಕ ಏರ್ಪಾಡು ಬೇಕು. ಕೊರತೆಯೂ ಇದೆ: ಎ.ಜೆ.ಪಿ. ತನ್ನ ಚೀಟಿಯನ್ನು ಗೂಢಲಿಪಿಗೊಳಿಸುವುದಿಲ್ಲ. ಎರಡು ಯಂತ್ರಗಳ ನಡುವೆ ಗೂಢಲಿಪಿ ಬೇಕೆಂದರೆ ಎಚ್.ಟಿ.ಟಿ.ಪಿ.ಎಸ್. ಸುಲಭದ ದಾರಿ.

ಯಾವ ಕೊಂಡಿ ಬಾಳಿಕೆ ಬಂದೀತು ಎಂಬುದೂ ವಿಚಾರಾರ್ಹ. ಮಾಡ್-ಜೆಕೆಯ ಮುಂದಿನ ತಲೆಮಾರು ಎಂದು ಹೊರಟ ಜೆಕೆ-2 ಎಂಬುದನ್ನು ಅದರ ನಿರ್ಮಾತೃಗಳೇ 2004ರ ನವೆಂಬರಿನಲ್ಲಿ ಕೈಬಿಟ್ಟರು. ಹೊಸದೆಂದು ಅದನ್ನು ಆರಿಸಿಕೊಂಡವರು ಮತ್ತೆ ಹಳೆಯದಕ್ಕೆ ಮರಳಬೇಕಾಯಿತು. ಹಳೆಯ ಮಾಡ್-ಜೆಕೆ ಇಂದಿಗೂ ಉಳಿದಿದೆ.

ಉತ್ತರ ಬಾರದಿದ್ದರೆ?

ವಿಶ್ವಾಸಾರ್ಹತೆಯ ನಿಜವಾದ ಪರೀಕ್ಷೆ ಇಲ್ಲಿದೆ. ಹುಡುಗ ಚೀಟಿ ಒಯ್ದ, ಗೋಡೌನಿನವರು ಬಿಲ್ಲು ಬರೆದರು, ಆದರೆ ಮರಳಿ ಬರುವಾಗ ಅವನು ಟಿನ್ ಫ್ಯಾಕ್ಟರಿ ಬಳಿಯ ವಾಹನದಟ್ಟಣೆಯಲ್ಲಿ ಸಿಲುಕಿಕೊಂಡ. ಕೌಂಟರಿನಲ್ಲಿ ಕುಳಿತವರಿಗೆ ತಿಳಿದಿರುವುದು ಇಷ್ಟೇ: ಉತ್ತರ ಬಂದಿಲ್ಲ. ಚೀಟಿ ತಲುಪಲೇ ಇಲ್ಲವೋ, ತಲುಪಿ ಕೆಲಸ ಆಗಲಿಲ್ಲವೋ, ಕೆಲಸ ಆಗಿ ಉತ್ತರ ಮಾತ್ರ ತಡವಾಯಿತೋ, ಈ ಮೂರರಲ್ಲಿ ಯಾವುದೆಂದು ಕೌಂಟರಿನಿಂದ ಹೇಳಲಾಗದು. ಆಗ ಇನ್ನೊಬ್ಬ ಹುಡುಗನ ಕೈಯಲ್ಲಿ ಅದೇ ಚೀಟಿಯನ್ನು ಮತ್ತೆ ಕಳುಹಿಸಿದರೆ ಏನಾಗುತ್ತದೆ?

ದರಪಟ್ಟಿ ಕೇಳುವ ಚೀಟಿಯಾಗಿದ್ದರೆ ಏನೂ ಆಗದು. ದರಪಟ್ಟಿ ಎರಡು ಸಲ ಬರುತ್ತದೆ. ರೂ. 1,25,000 ಮೌಲ್ಯದ ಸರಕಿಗೆ ಶೇ. 18ರಂತೆ ರೂ. 22,500 ತೆರಿಗೆ ಸೇರಿಸಿ ರೂ. 1,47,500ಕ್ಕೆ ಬಿಲ್ಲು ಮಾಡುವ ಚೀಟಿಯಾಗಿದ್ದರೆ, ಎರಡು ಬಿಲ್ಲುಗಳಾಗುತ್ತವೆ. ಮಾರಾಟ ರೂ. 1,25,000 ಹೆಚ್ಚು ತೋರುತ್ತದೆ, ತೆರಿಗೆ ರೂ. 22,500 ಹೆಚ್ಚು ಕಟ್ಟುತ್ತೀರಿ, ದಾಸ್ತಾನು ಪುಸ್ತಕದಲ್ಲಿ ಕಳೆದುಹೋದ ಸರಕು ಗೋಡೌನಿನಲ್ಲಿ ಹಾಗೆಯೇ ಕುಳಿತಿರುತ್ತದೆ. ಕೊಂಡವರ ಜಿ.ಎಸ್.ಟಿ.ಆರ್.-2ಬಿಯಲ್ಲಿ ಅವರು ಕಾಣದ ಬಿಲ್ಲೊಂದು ಮೂಡಿ, ದೂರವಾಣಿ ಕರೆಗಳು ಆರಂಭವಾಗುತ್ತವೆ. ನಾನು ಲೆಕ್ಕಪರಿಶೋಧನೆ ಮಾಡುವ ಒಂದು ಸಂಸ್ಥೆಯಲ್ಲಿ ಇಂತಹ ಜೋಡಿ ಬಿಲ್ಲುಗಳು ಸಿಕ್ಕಿದ್ದವು. ಎಲ್ಲವೂ ತಿಂಗಳ ಕೊನೆಯ ಎರಡು ದಿನಗಳವು, ಎಲ್ಲವೂ ಒಂದೆರಡು ನಿಮಿಷಗಳ ಅಂತರದವು. ಬಿಲ್ಲು ಮಾಡುವ ಹುಡುಗಿ ಎರಡು ಬಾರಿ ಒತ್ತಿರಬೇಕೆಂದು ಮಾಲೀಕರು ಅವಳ ಮೇಲೆ ಸಿಟ್ಟಾಗಿದ್ದರು. ಅವಳು ಒತ್ತಿದ್ದು ಒಂದೇ ಬಾರಿ. ಮರುಕಳುಹಿಸಿದ್ದು ಕೊಂಡಿ.

ಮಾಡ್-ಜೆಕೆಯಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಸೂಚನೆಗಳಿವೆ. ಒಂದು ರಿಪ್ಲೈ ಟೈಮ್‌ಔಟ್, ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕೆಂಬುದು. ಏನನ್ನೂ ಬರೆಯದಿದ್ದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಇನ್ನೊಂದು ರಿಕವರಿ ಆಪ್ಷನ್ಸ್. ಇದರ ಮೂಲ ಬೆಲೆ ಸೊನ್ನೆ, ಅಂದರೆ ಗೋಡೌನು ಚೀಟಿ ತೆಗೆದುಕೊಂಡ ಮೇಲೆ ವಿಫಲವಾದರೂ ಮತ್ತೆ ಕಳುಹಿಸಬಹುದು ಎಂಬ ಅನುಮತಿ. ಕಾಯುವಿಕೆ ಬೇಸರ ತಂದಿತೆಂದು ಯಾರಾದರೂ ಮೊದಲನೆಯದನ್ನು 30 ಸೆಕೆಂಡಿಗೆ ಇಳಿಸಿ ಎರಡನೆಯದನ್ನು ಹಾಗೆಯೇ ಬಿಟ್ಟರೆ, ತಿಂಗಳ ಕೊನೆಯಲ್ಲಿ 40 ಸೆಕೆಂಡು ಹಿಡಿಯುವ ಬಿಲ್ಲು ಎರಡಾಗುವುದಕ್ಕೆ ಎಲ್ಲ ಸಿದ್ಧತೆಯೂ ಆದಂತೆ. ಎರಡನೆಯದಕ್ಕೆ 3 ಎಂಬ ಬೆಲೆ ಕೊಟ್ಟರೆ, ಗೋಡೌನು ಚೀಟಿ ಪಡೆದ ಮೇಲಾಗಲಿ, ಗಿರಾಕಿಗೆ ಉತ್ತರದ ತಲೆಬರಹ ಹೋದ ಮೇಲಾಗಲಿ ಮರುಕಳುಹಿಸುವಿಕೆ ನಿಲ್ಲುತ್ತದೆ. ಎಂಜಿನ್ಎಕ್ಸ್‌ನವರು ಬರಹ ಮಾಡುವ ವಿನಂತಿಗಳನ್ನು ಒಮ್ಮೆ ಕಳುಹಿಸಿದ ಮೇಲೆ ಮತ್ತೊಂದು ಸರ್ವರಿಗೆ ಕಳುಹಿಸಬಾರದೆಂಬ ನಿಯಮವನ್ನು 2016ರ 1.9.13ನೆಯ ಆವೃತ್ತಿಯಿಂದ ತಾವಾಗಿಯೇ ಅಳವಡಿಸಿದರು. ಅದಕ್ಕಿಂತ ಹಳೆಯ ಪ್ರತಿ ಓಡುತ್ತಿದ್ದರೆ ಈ ರಕ್ಷಣೆ ಇಲ್ಲವೆಂದು ತಿಳಿಯಬೇಕು.

ಕೊಂಡಿ ಸುಮ್ಮನಿದ್ದರೂ ಮನುಷ್ಯ ಸುಮ್ಮನಿರುವುದಿಲ್ಲ. ಇ-ವೇ ಬಿಲ್ಲಿನ ಆರಂಭದ ದಿನಗಳನ್ನು ಓದುಗರು ಮರೆತಿರಲಾರರು. 2017ರ ಸೆಪ್ಟೆಂಬರಿನಲ್ಲಿ ಅದನ್ನು ಮೊದಲು ಪ್ರಯೋಗಕ್ಕೆ ತಂದದ್ದು ನಮ್ಮ ಕರ್ನಾಟಕ. 2018ರ ಫೆಬ್ರವರಿ 1ರಂದು ದೇಶಕ್ಕೆಲ್ಲ ಕಡ್ಡಾಯವಾದ ದಿನವೇ ತಾಂತ್ರಿಕ ತೊಡಕುಂಟಾಗಿ ಸರ್ಕಾರವು ಅದನ್ನು ಮುಂದೂಡಿತು. ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಮತ್ತೆ ಜಾರಿಯಾದಾಗ ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಅನ್ವಯಿಸಿದ ರಾಜ್ಯ ಕರ್ನಾಟಕವೊಂದೇ. ಲಾರಿ ಬಾಗಿಲಲ್ಲಿ ನಿಂತಿದ್ದು ಪರದೆ ಉತ್ತರ ಕೊಡದಿದ್ದಾಗ ಗುಂಡಿಯನ್ನು ಮತ್ತೊಮ್ಮೆ ಒತ್ತದಿರುವವನು ಯೋಗಿಯೇ ಸರಿ.

2020ರ ಅಕ್ಟೋಬರಿನಲ್ಲಿ ರೂ. 500 ಕೋಟಿ ಮೀರಿದ ವಹಿವಾಟಿನವರಿಂದ ಆರಂಭವಾಗಿ 2023ರ ಆಗಸ್ಟ್ 1ರಿಂದ ರೂ. 5 ಕೋಟಿ ಮೀರಿದವರಿಗೂ ಅನ್ವಯಿಸಿದ ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಈ ಸಮಸ್ಯೆಗೆ ಒಂದು ಒಳ್ಳೆಯ ಉಪಾಯವಿದೆ. 64 ಅಕ್ಷರಗಳ ಐ.ಆರ್.ಎನ್. ಸಂಖ್ಯೆಯು ಮಾರಾಟಗಾರರ ಜಿ.ಎಸ್.ಟಿ. ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ ಇವುಗಳಿಂದಲೇ ಹುಟ್ಟುತ್ತದೆ. ಅದೇ ಬಿಲ್ಲನ್ನು ಹತ್ತು ಸಲ ಕಳುಹಿಸಿದರೂ ಎರಡನೆಯ ಸಲದಿಂದ 'ಇದು ಈಗಾಗಲೇ ಇದೆ' ಎಂಬ ಉತ್ತರವೇ ಬರುತ್ತದೆ. ಹಾಗಾದರೆ ನಮಗೆ ಭಯವಿಲ್ಲವೆಂದು ಅನೇಕರು ಭಾವಿಸುತ್ತಾರೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸರ್ಕಾರದ ವ್ಯವಸ್ಥೆ ಹಿಡಿಯುವುದು ಒಂದೇ ಸಂಖ್ಯೆಯ ಬಿಲ್ಲು ಎರಡು ಸಲ ಬಂದರೆ ಮಾತ್ರ. ನಿಮ್ಮ ತಂತ್ರಾಂಶವು ಚೀಟಿ ಬಂದಾಗಲೆಲ್ಲ ಮುಂದಿನ ಕ್ರಮಸಂಖ್ಯೆಯನ್ನು ಕೊಡುವಂತಹುದಾದರೆ, ಎರಡನೆಯ ಚೀಟಿಗೆ ಬೇರೆಯೇ ಸಂಖ್ಯೆ ಸಿಕ್ಕಿರುತ್ತದೆ. ಆಗ ಎರಡು ಬಿಲ್ಲು, ಎರಡು ಐ.ಆರ್.ಎನ್., ಎರಡೂ ನ್ಯಾಯಸಮ್ಮತ! 24 ಗಂಟೆಗಳೊಳಗೆ ಕಂಡುಕೊಂಡರೆ ಒಂದನ್ನು ರದ್ದುಮಾಡಬಹುದು. ಆದರೂ ರದ್ದಾದ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ಆ ಅವಧಿ ಮೀರಿದರೆ ಕ್ರೆಡಿಟ್ ನೋಟೇ ಗತಿ. ಅದಕ್ಕೂ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದರೊಳಗೆ ರಿಟರ್ನಿನಲ್ಲಿ ತೋರಿಸಬೇಕೆಂಬ ಮಿತಿಯಿದೆ.

ಆದುದರಿಂದ ಆರ್ಡರ್ ನಮೂನೆ ತೆರೆದ ಕ್ಷಣದಲ್ಲಿಯೇ ಅದಕ್ಕೊಂದು ಗುರುತಿನ ಸಂಖ್ಯೆ ಹುಟ್ಟಬೇಕು, ಅದು ಚೀಟಿಯೊಡನೆ ಗೋಡೌನಿಗೆ ಹೋಗಬೇಕು, ಅದೇ ಗುರುತಿನ ಚೀಟಿ ಮತ್ತೆ ಬಂದರೆ ಹೊಸ ಬಿಲ್ಲಿನ ಬದಲು ಹಳೆಯ ಬಿಲ್ಲನ್ನೇ ಮರಳಿ ತೋರಿಸಬೇಕು. ಇದನ್ನು ತಂತ್ರಾಂಶ ಮಾಡುವುದೇ ಎಂದು ಮಾರಾಟಗಾರರನ್ನು ನೇರವಾಗಿ ಕೇಳಿರಿ. ಮಾಡುವುದಾದರೆ ಕೊಂಡಿ ಯಾವುದಾದರೂ ಬದುಕಬಹುದು. ಮಾಡದಿದ್ದರೆ ಯಾವ ಕೊಂಡಿಯೂ ಪೂರ್ಣ ರಕ್ಷಣೆ ಕೊಡದು.

ನಮ್ಮ ಬೆಂಗಳೂರಿನಲ್ಲಿಯೇ ಬೆಳೆದ ಟ್ಯಾಲಿಗೆ ಹೊರಗಿನ ತಂತ್ರಾಂಶದಿಂದ ಬಿಲ್ಲು ತುಂಬುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಟ್ಯಾಲಿ ಸಾದಾ ಎಚ್.ಟಿ.ಟಿ.ಪಿ.ಯಲ್ಲಿ, ಸಾಮಾನ್ಯವಾಗಿ 9000ನೆಯ ಪೋರ್ಟಿನಲ್ಲಿ, ಎಕ್ಸ್.ಎಂ.ಎಲ್. ರೂಪದ ಚೀಟಿಗಳನ್ನು ಸ್ವೀಕರಿಸುತ್ತದೆ. ಯಾವ ಭಾಷೆಯಲ್ಲಿ ಬರೆದ ತಂತ್ರಾಂಶವೂ ಅದರೊಡನೆ ಮಾತನಾಡಬಲ್ಲದು ಎಂಬುದೇ ಸಾದಾ ಚೀಟಿಯ ಹೆಚ್ಚುಗಾರಿಕೆ. ಹೊರಗಿನಿಂದಲೇ ಬಿಲ್ಲಿನ ಸಂಖ್ಯೆ ಬರುವುದಾದರೆ ವೋಚರ್ ವಿಧದಲ್ಲಿ ಸಂಖ್ಯೆಯ ಪುನರಾವೃತ್ತಿಯನ್ನು ತಡೆಯುವ ಆಯ್ಕೆಯನ್ನು ಹೌದೆಂದು ಇಡುವುದು ಅವಶ್ಯ.

ಹಿಂಬಾಗಿಲು

2020ರ ಫೆಬ್ರವರಿಯಲ್ಲಿ ಚೀನಾದ ಚೈಟಿನ್ ಟೆಕ್ ಸಂಸ್ಥೆಯವರು ಕಂಡುಹಿಡಿದ ಲೋಪವೊಂದು 'ಘೋಸ್ಟ್‌ಕ್ಯಾಟ್' ಎಂಬ ಹೆಸರಿನಲ್ಲಿ ಬಹಿರಂಗವಾಯಿತು. ಅದುವರೆಗೆ ಟಾಮ್‌ಕ್ಯಾಟ್ ಸ್ಥಾಪಿಸಿದೊಡನೆ 8009ನೆಯ ಪೋರ್ಟಿನಲ್ಲಿ ಎ.ಜೆ.ಪಿ. ತಾನಾಗಿಯೇ ತೆರೆದುಕೊಳ್ಳುತ್ತಿತ್ತು, ಯಂತ್ರದ ಎಲ್ಲ ವಿಳಾಸಗಳಿಗೂ ಓಗೊಡುತ್ತಿತ್ತು. ಚೀಟಿ ತಂದವನು ತಮ್ಮ ಹುಡುಗನೇ ಎಂಬ ಸಂಪೂರ್ಣ ನಂಬಿಕೆಯ ಮೇಲೆ ಈ ಭಾಷೆ ರಚಿತವಾಗಿತ್ತು. ಹೊರಗಿನವನೊಬ್ಬ ಅದೇ ಸಂಕೇತದಲ್ಲಿ ಚೀಟಿ ಬರೆದುಕೊಂಡು ಬಂದರೆ, ದತ್ತಸಂಚಯದ ಗುಪ್ತಪದ ಬರೆದಿಟ್ಟ ಕಡತವನ್ನೂ ಗೋಡೌನು ಎತ್ತಿಕೊಡುತ್ತಿತ್ತು. ಕಡತ ಏರಿಸುವ ಸೌಲಭ್ಯವಿದ್ದಲ್ಲಿ ಅಪಾಯ ಇನ್ನೂ ಹೆಚ್ಚು. 9.0.31, 8.5.51 ಮತ್ತು 7.0.100ನೆಯ ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಲಾಯಿತು: ಎ.ಜೆ.ಪಿ. ತಾನಾಗಿ ತೆರೆಯುವುದಿಲ್ಲ, ತೆರೆದರೂ ಅದೇ ಯಂತ್ರದೊಳಗಿನ ಕರೆಗೆ ಮಾತ್ರ ಓಗೊಡುತ್ತದೆ, ಎರಡೂ ಕಡೆ ಒಂದೇ ಗುಪ್ತಪದ ಇರಲೇಬೇಕು.

ಇದರಲ್ಲಿ ನಮಗೆ ಸಂಬಂಧಿಸಿದ ವಿಷಯವೇನೆಂದರೆ, ಸಿದ್ಧ ತಂತ್ರಾಂಶದೊಳಗೆ ಅಡಗಿರುವ ಟಾಮ್‌ಕ್ಯಾಟನ್ನು ಯಾರೂ ನವೀಕರಿಸುವುದಿಲ್ಲ. 7ನೆಯ ಸರಣಿಗೆ 2021ರ ಮಾರ್ಚಿನಲ್ಲಿ, 8.5ಕ್ಕೆ 2024ರ ಮಾರ್ಚಿನಲ್ಲಿ ನಿರ್ವಹಣೆ ನಿಂತಿದೆ. ನಿಮ್ಮ ಯಂತ್ರದಲ್ಲಿ ಇವು ಇದ್ದರೆ ವಾರ್ಷಿಕ ನಿರ್ವಹಣೆ ಎಂದು ನೀವು ಕೊಡುತ್ತಿರುವ ಹಣ ಯಾವುದರ ನಿರ್ವಹಣೆಗೆ ಎಂದು ವಿಚಾರಿಸುವುದು ಸಮಂಜಸ. ಎಚ್.ಟಿ.ಟಿ.ಪಿ. ಬಳಸಿದರೂ ಟಾಮ್‌ಕ್ಯಾಟಿನ 8080ನೆಯ ಪೋರ್ಟು, ಹಾಗೆಯೇ ಮೇಲೆ ಹೇಳಿದ ಟ್ಯಾಲಿಯ 9000ನೆಯ ಪೋರ್ಟು, ಹೊರಜಗತ್ತಿಗೆ ಕಾಣದಂತೆ ಮುಚ್ಚಿರಬೇಕು. ಮುಂಬಾಗಿಲಲ್ಲಿ ಗೂರ್ಖಾನನ್ನು ನಿಲ್ಲಿಸಿ ಗೋಡೌನಿನ ಹಿಂಬಾಗಿಲಿಗೆ ಚಿಲಕ ಹಾಕದಿದ್ದರೆ ಪ್ರಯೋಜನವೇನು?

256 ಮತ್ತು 200ರ ಲೆಕ್ಕ

ತಿಂಗಳ 11ನೆಯ ಮತ್ತು 20ನೆಯ ತಾರೀಖಿನ ಸುತ್ತಮುತ್ತ, ಅಂದರೆ ರಿಟರ್ನುಗಳ ಗಡುವಿನಲ್ಲಿ, 'ಸರ್ವರ್ ನಿಂತುಹೋಯಿತು' ಎಂಬ ದೂರು ಹೆಚ್ಚು. ಹಲವು ಸಂದರ್ಭಗಳಲ್ಲಿ ಕಾರಣ ಸರಳ ಗಣಿತ. ಅಪಾಚೆಯ ಹಳೆಯ ಪ್ರೀಫೋರ್ಕ್ ಪದ್ಧತಿಯಲ್ಲಿ ಏಕಕಾಲಕ್ಕೆ 256 ಗಿರಾಕಿಗಳನ್ನು ಬಿಟ್ಟುಕೊಳ್ಳುವುದು ಮೂಲ ಮಿತಿ. ಟಾಮ್‌ಕ್ಯಾಟಿನಲ್ಲಿ ಕೆಲಸಗಾರರ ಮೂಲ ಸಂಖ್ಯೆ 200. ಹಳೆಯ ಎ.ಜೆ.ಪಿ. ಏರ್ಪಾಡಿನಲ್ಲಿ ಒಮ್ಮೆ ತೆರೆದ ಸಂಪರ್ಕವು ಕೆಲಸವಿಲ್ಲದಿದ್ದರೂ ಒಬ್ಬ ಕೆಲಸಗಾರನನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಉಳಿದ 56 ಮಂದಿ ಬಾಗಿಲಲ್ಲಿ ನಿಲ್ಲುತ್ತಿದ್ದರು, ಒಳಗೆ 200 ಮಂದಿ ಕೈಕಟ್ಟಿ ಕುಳಿತಿದ್ದರೂ ಸಹ. 8.5ನೆಯ ಆವೃತ್ತಿಯಿಂದ ಆ ಹಳೆಯ ಪದ್ಧತಿ ಹೋಗಿದೆ. ಆದರೂ ಎರಡೂ ಕಡೆಯ ಸಂಖ್ಯೆಗಳನ್ನು ಹೊಂದಿಸಿದ್ದೀರಾ ಎಂದು ಕೇಳಬೇಕು. ಎರಡು ಯಂತ್ರಗಳ ನಡುವೆ ಫೈರ್‌ವಾಲ್ ಇದ್ದರೆ ಅದು ಸುಮ್ಮನಿರುವ ಸಂಪರ್ಕವನ್ನು ಸದ್ದಿಲ್ಲದೆ ಕತ್ತರಿಸುವುದುಂಟು. ಬೆಳಿಗ್ಗೆಯ ಮೊದಲ ಬಿಲ್ಲು ಮಾತ್ರ ತಡವರಿಸುತ್ತಿದ್ದರೆ ಸಂಶಯ ಇದರ ಮೇಲೆ ಹೋಗಲಿ. ಚೀಟಿ ಕೊಡುವ ಮುನ್ನ 'ಇದ್ದೀಯಾ?' ಎಂದು ಕೂಗಿ ನೋಡುವ ಸೌಲಭ್ಯ ಎ.ಜೆ.ಪಿ.ಯಲ್ಲಿದೆ. ಅದನ್ನು ಬಳಕೆಗೆ ತರಬೇಕಷ್ಟೆ.

ದಾಖಲೆಯ ಪ್ರಶ್ನೆ

ಕಂಪನಿಗಳಾಗಿ ನೋಂದಾಯಿತರಾದವರ ಲೆಕ್ಕದ ತಂತ್ರಾಂಶದಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಯುವುದು ಕಡ್ಡಾಯ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗಣಕ ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿನ ಇಟ್ಟಿರಬೇಕು. ಎಚ್.ಟಿ.ಟಿ.ಪಿ. ಕೊಂಡಿಯನ್ನು ಅರೆಬರೆಯಾಗಿ ಅಳವಡಿಸಿದಲ್ಲಿ ಗೋಡೌನಿನ ಲಾಗ್ ಪುಸ್ತಕದಲ್ಲಿ ಪ್ರತಿ ಗಿರಾಕಿಯ ವಿಳಾಸವೂ ಒಂದೇ ಆಗಿರುತ್ತದೆ, ಅದು ನಮ್ಮದೇ ಕೌಂಟರಿನ ವಿಳಾಸ! ಬಿಲ್ಲು ತಿದ್ದಿದವರು ಇಂದಿರಾನಗರದ ಕಚೇರಿಯವರೋ ಹೊರಗಿನವರೋ ಎಂದು ವಿವಾದ ಬಂದ ದಿನ ಇಂತಹ ದಾಖಲೆ ಕಾಗದದ ಬೆಲೆಗೂ ಬಾರದು. ಮೂಲ ವಿಳಾಸವನ್ನು ಮುಂದಕ್ಕೆ ಕಳುಹಿಸುವ ಏರ್ಪಾಡು ಎರಡು ಸಾಲಿನ ಕೆಲಸ. ಮಾಡಿಸಿಕೊಳ್ಳಿರಿ.

ಯಾವುದನ್ನು ಆರಿಸಬೇಕು?

ಹೊಸದಾಗಿ ತಂತ್ರಾಂಶ ಅಳವಡಿಸುವ ಸಣ್ಣ ಮತ್ತು ಮಧ್ಯಮ ಗಾತ್ರದ ವ್ಯಾಪಾರಕ್ಕೆ ಎಚ್.ಟಿ.ಟಿ.ಪಿ. ಸಾಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದನ್ನು ಬಲ್ಲವರು ಎಲ್ಲೆಡೆ ಸಿಗುತ್ತಾರೆ. ಇಂದು ಟಾಮ್‌ಕ್ಯಾಟ್ ಇದ್ದ ಕಡೆ ನಾಳೆ ಬೇರೊಂದು ಸರ್ವರ್ ಬಂದರೂ ಕೊಂಡಿ ಬದಲಾಗಬೇಕಿಲ್ಲ. ತೊಂದರೆಯಾದಾಗ ಚೀಟಿಯನ್ನು ಯಾವ ಎಂಜಿನಿಯರೂ ಓದಬಲ್ಲ. ಎ.ಜೆ.ಪಿ.ಯಲ್ಲಿ ವರ್ಷಗಳಿಂದ ಸರಿಯಾಗಿ ನಡೆಯುತ್ತಿರುವ ವ್ಯವಸ್ಥೆಯನ್ನು ಕೇವಲ ಹಳೆಯದೆಂದು ಕಿತ್ತುಹಾಕುವುದೂ ಬೇಡ. ಗುಪ್ತಪದ, ಮುಚ್ಚಿದ 8009, ರಿಕವರಿ ಆಪ್ಷನ್ಸಿಗೆ 3, ಇವಿಷ್ಟಿದ್ದರೆ ಮುಂದಿನ ದೊಡ್ಡ ನವೀಕರಣದವರೆಗೆ ನಡೆಯಲಿ.

ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿರಿ. ಒಂದು ಭಾನುವಾರ, ನಿಜವಾದ ಲೆಕ್ಕವನ್ನು ಮುಟ್ಟದೆ ಪರೀಕ್ಷಾ ಕಂಪನಿಯೊಂದನ್ನು ತೆರೆದು, ಒಂದು ಆರ್ಡರಿಗೆ ಬಿಲ್ಲು ಮಾಡುವ ಗುಂಡಿಯನ್ನು ಒತ್ತಿ, ಅಪ್ಲಿಕೇಶನ್ ಸರ್ವರ್ ಕೆಲಸ ಮಾಡುತ್ತಿರುವಾಗಲೇ ನಡುವಣ ತಂತಿಯನ್ನು ಎಳೆಯಲು ಹೇಳಿರಿ. ಎರಡು ನಿಮಿಷದ ನಂತರ ತಂತಿಯನ್ನು ಮತ್ತೆ ಸೇರಿಸಿ, ಗುಂಡಿಯನ್ನು ಇನ್ನೊಮ್ಮೆ ಒತ್ತಿ, ಮಾರಾಟದ ಖಾತೆ ತೆರೆದು ಬಿಲ್ಲುಗಳನ್ನು ಎಣಿಸಿರಿ. ಇಂತಹ ಪರೀಕ್ಷೆ ಐದು ಬಾರಿ ಆಗಲಿ. ಅದರ ಫಲಿತಾಂಶದ ಮೇಲೆ ಮಾರಾಟಗಾರರ ಸಹಿ ಪಡೆದು ನಿರ್ವಹಣಾ ಒಪ್ಪಂದದೊಡನೆ ಲಗತ್ತಿಸಿರಿ. ಆವೃತ್ತಿ ಬದಲಿಸಿದಾಗಲೆಲ್ಲ ಇದೇ ಪರೀಕ್ಷೆಯನ್ನು ಮತ್ತೆ ಮಾಡಿಕೊಡತಕ್ಕದ್ದು ಎಂಬ ಷರತ್ತನ್ನೂ ಅದರಲ್ಲಿ ಸೇರಿಸಿರಿ.